ವೈಸ್ ಡಾಕ್ಟರ ಬಹುವಚನ

ನಮ್ಮ ಮಹಡಿ ಮನೆಯಲ್ಲಿ ಈಗ ಮೂವರು ನರ್ಸಿಂಗ್ ಓದುವ ಹುಡುಗಿಯರು ಬಾಡಿಗೆಗಿದ್ದಾರೆ. ಬೆಳಗ್ಗೆ ಬಿಳಿ ಕೋಟು ಹಾಕಿಕೊಂಡು ಸರಸ್ವತಿಪುರಂ ಬಸ್‌ಸ್ಟಾಪಿಗೆ ಓಡುವಾಗ ಒಬ್ಬಳ ಕೈಯಲ್ಲಿ ಇಡ್ಲಿ, ಇನ್ನೊಬ್ಬಳ ಕೈಯಲ್ಲಿ ಮೊಬೈಲು, ಮೂರನೆಯವಳ ಕೈಯಲ್ಲಿ ಎರಡೂ. ಭಾನುವಾರ ತಲೆಗೆ ಎಣ್ಣೆ ಹಚ್ಚಿಕೊಂಡು ಕೆಳಗಿಳಿದು ಬಂದು, "ಅಜ್ಜಿ, ನಿಮ್ ಕಾಲದಲ್ಲಿ ನರ್ಸ್ ಕೆಲಸ ಹೆಂಗಿತ್ತು, ಹೇಳಿ" ಎನ್ನುತ್ತಾರೆ. ನಾನು ಶುರುಮಾಡಿ ಸ್ವಲ್ಪ ಹೊತ್ತಿಗೇ ಮೊಬೈಲು ನೋಡುತ್ತಾರೆ. ಅದಕ್ಕೇ ಬರೆದುಬಿಡೋಣ ಅನ್ನಿಸಿತು. ಓದುತ್ತಾರೆಂಬ ಭರವಸೆಯಿಂದಲ್ಲ, ಬರೆಯುವಾಗ ಮಧ್ಯದಲ್ಲಿ ಯಾರೂ ಎದ್ದು ಹೋಗುವುದಿಲ್ಲವಲ್ಲ ಎಂದು.

ನಾನು ನಾಗರತ್ನ. ನಿವೃತ್ತಳಾಗುವಾಗ ಒಂದು ದೊಡ್ಡ ಆಸ್ಪತ್ರೆಯಲ್ಲಿ ನರ್ಸುಗಳ ಮೇಲ್ವಿಚಾರಕಿಯಾಗಿದ್ದೆ. ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಫೋಟೋ ತೆಗೆದು ಕಳಿಸಿದರು. ಆ ಕಥೆಯಲ್ಲಿ ಸ್ವಾರಸ್ಯವಿಲ್ಲ, ಬಿಡಿ. ಇಂಜೆಕ್ಷನ್ ಕೊಡುವುದು, ಡ್ರೆಸ್ಸಿಂಗ್ ಮಾಡುವುದು, ಸಿಡುಕುವ ಡಾಕ್ಟರ ಮುಂದೆ ಬಾಯಿ ಮುಚ್ಚಿಕೊಂಡಿರುವುದು, ಇವನ್ನೆಲ್ಲ ನಿಮಗೆ ಕಾಲೇಜಿನಲ್ಲೇ ಕಲಿಸುತ್ತಾರೆ. ತಂದೆಯಂತಿದ್ದ ಡಾಕ್ಟರೊಬ್ಬರಿಗೆ "ಸಾಕು, ಇನ್ನು ಆಪರೇಷನ್ ಮಾಡಬೇಡಿ" ಎಂದು ಹೇಳುವುದನ್ನು ಯಾರೂ ಕಲಿಸುವುದಿಲ್ಲ. ನನಗೆ ಅದನ್ನು ಹೇಳಬೇಕಾಗಿ ಬಂತು. ಅದೂ ಎಂಥವರಿಗೆ? ಆ ಮೊದಲೇ ಎರಡು ಸಲ ಆ ಕೆಲಸವನ್ನು ಬೇರೆಯವರು ಕೈಯಿಂದ ಕಿತ್ತುಕೊಂಡಿದ್ದನ್ನು ಅನುಭವಿಸಿದವರಿಗೆ. ಅದನ್ನೇ ಬರೆಯುತ್ತೇನೆ. ನಡುವೆ ಮಾತು ಅಡ್ಡದಾರಿ ಹಿಡಿದರೆ ಅಜ್ಜಿಗೆ ವಯಸ್ಸಾಯಿತು ಎಂದು ಸಹಿಸಿಕೊಳ್ಳಿ.

ನಾನು ಮೊದಲು ಕೆಲಸಕ್ಕೆ ಸೇರಿದ್ದು ಲಷ್ಕರ್ ಮೊಹಲ್ಲಾದ ಒಂದು ಸಣ್ಣ ನರ್ಸಿಂಗ್ ಹೋಮಿಗೆ. ಕೆಳಗೆ ಹತ್ತು ಹನ್ನೆರಡು ಹಾಸಿಗೆ, ಹಿಂಭಾಗದಲ್ಲಿ ಆಪರೇಷನ್ ಥಿಯೇಟರು, ಮೇಲೆ ಡಾಕ್ಟರ ಮನೆ. ಎದುರಿಗೆ ಪಾತ್ರೆಗೆ ಕಲಾಯಿ ಹಾಕುವ ಅಂಗಡಿ. ಅವರ ಹೊಗೆ ನಮ್ಮ ವಾರ್ಡಿಗೆ, ನಮ್ಮ ಫಿನಾಯಿಲ್ ವಾಸನೆ ಅವರ ಅಂಗಡಿಗೆ. ಡಾಕ್ಟರ ಹೆಸರು ವೈಸ್. ವಿಯೆನ್ನಾ ಊರಿನ ಯೆಹೂದಿಗಳು. ಹಿಟ್ಲರನ ಕಾಟಕ್ಕೆ ದೇಶ ಬಿಟ್ಟು ಬಂದು, ಎರಡನೇ ಮಹಾಯುದ್ಧದಲ್ಲಿ ಇಲ್ಲಿಯ ಸೈನ್ಯಕ್ಕೆ ಡಾಕ್ಟರಾಗಿ ಸೇರಿ, ಯುದ್ಧ ಮುಗಿದ ಮೇಲೆ ಮೈಸೂರಿನಲ್ಲೇ ನಿಂತವರು. ಮೊಹಲ್ಲಾದ ಜನಕ್ಕೆ ಇಷ್ಟೆಲ್ಲ ಬೇಕಿರಲಿಲ್ಲ. ವೈಸ್ ಎನ್ನಲು ಬಾರದೆ 'ವಯಸ್ಸಿನ ಡಾಕ್ಟ್ರು' ಮಾಡಿಕೊಂಡಿದ್ದರು. ತಲೆ ತುಂಬ ಕಪ್ಪು ಕೂದಲಿದ್ದಾಗಲೂ ಹಾಗೇ ಕರೆಯುತ್ತಿದ್ದರಂತೆ. ನಾನು ಸೇರುವ ಹೊತ್ತಿಗೆ ಅರವತ್ತರ ಹತ್ತಿರ ಬಂದಿದ್ದರು, ಹೆಸರು ಸರಿಹೊಂದಿತ್ತು.

ಮೊದಲ ದಿನ ಅವರ ಕೋಣೆಯ ಬಾಗಿಲಲ್ಲಿ ನಿಂತೆ. ಉದ್ದನೆಯ ಆಳು, ಖಾಕಿ ಪ್ಯಾಂಟು, ಬಿಳಿ ಅಂಗಿ. ನನ್ನನ್ನು ಕಂಡು ಕುರ್ಚಿಯಿಂದ ಎದ್ದು ನಿಂತರು. "ಬನ್ನಿ ಸಿಸ್ಟರ್, ಕುಳಿತುಕೊಳ್ಳಿ" ಎಂದರು. ನನ್ನ ಬೆನ್ನ ಹಿಂದೆ ಯಾರೋ ದೊಡ್ಡವರು ಬಂದಿರಬೇಕೆಂದು ತಿರುಗಿ ನೋಡಿದೆ. ಯಾರೂ ಇರಲಿಲ್ಲ. ನಾನು ತಿರುಮಕೂಡಲಿನ ಕಡೆಯ ಒಕ್ಕಲು ಮನೆಯವಳು. ನಮ್ಮಪ್ಪ ಎತ್ತಿಗೂ ನನಗೂ ಒಂದೇ ದನಿಯಲ್ಲಿ ಕೂಗುತ್ತಿದ್ದವರು. ನನಗಾಗಿ ಒಬ್ಬ ಗಂಡಸು ಕುರ್ಚಿ ಬಿಟ್ಟು ಎದ್ದದ್ದು ಅದೇ ಮೊದಲು.

ಆಮೇಲೆ ತಿಳಿಯಿತು, ಅವರ ಬಾಯಲ್ಲಿ ಏಕವಚನವೇ ಇಲ್ಲವೆಂದು. ಎಲ್ಲರಿಗೂ ಬಹುವಚನ. ಕಸ ಗುಡಿಸುವವರಿಗೆ "ನೀವು ಊಟ ಮಾಡಿದಿರಾ?", ಇಂಜೆಕ್ಷನ್ನಿಗೆ ಕಿರುಚುವ ಎರಡು ವರ್ಷದ ಕೂಸಿಗೆ "ದಯವಿಟ್ಟು ಅಳಬೇಡಿ, ನಿಮಗೆ ನೋವಾಗುತ್ತದೆ ಎಂದು ನನಗೆ ಗೊತ್ತು." ಬಾಗಿಲಲ್ಲಿ ಮಲಗುತ್ತಿದ್ದ ಬೀದಿನಾಯಿಗೂ "ಸ್ವಲ್ಪ ಸರಿಯಿರಿ." ಜನ ಇದನ್ನು ಕೇಳಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಡಾಕ್ಟರಿಗೆ ಕನ್ನಡ ಕಲಿಸಿದವರು ಚನ್ನೇಗೌಡರು. ನಂಜನಗೂಡಿನ ಕಡೆಯವರು, ಯುದ್ಧದಲ್ಲಿ ಡಾಕ್ಟರ ಆಂಬುಲೆನ್ಸ್ ಓಡಿಸಿದವರು. ನರ್ಸಿಂಗ್ ಹೋಮಿನಲ್ಲಿ ಡ್ರೈವರು, ಅಡುಗೆ, ಕಾವಲು ಎಲ್ಲವೂ ಅವರೇ. ಅವರು ಹೇಳುತ್ತಿದ್ದರು: "ನಾನು ಸಾಹೇಬ್ರನ್ನ ನೀವು ಅಂತಿದ್ದೆ ಕಣವ್ವ. ಅವ್ರು ಅದ್ನೇ ಕಲ್ತ್ಬುಟ್ರು. ಆಫೀಸರ್ರನ್ನ ನೀನು ಅನ್ನಕ್ಕಾಯ್ತದಾ, ಅದ್ಕೇ ಆ ಪಾಠ ಉಳ್ಕಂಬುಡ್ತು." ಬಹಳ ದಿನ ನಾನೂ ಇಷ್ಟೇ ಕಾರಣವೆಂದು ನಂಬಿದ್ದೆ.

ಕನ್ನಡದಲ್ಲಿ ಅವರಿಗೆ ಬಾರದ ಇನ್ನೊಂದು ಸಂಗತಿ ಳಕಾರ. ನಾಲಗೆ ಮಡಚುತ್ತಿರಲಿಲ್ಲ. ಮೇಟಗಳ್ಳಿ ಮೇಟಗಲ್ಲಿ ಆಗುತ್ತಿತ್ತು, ಬಾಳೆಹಣ್ಣು ಬಾಲೆಹಣ್ಣು. ಅಷ್ಟಾಗಿದ್ದರೆ ಪರವಾಗಿರಲಿಲ್ಲ. ರೋಗಿಯನ್ನು ಕೂರಿಸಿಕೊಂಡು ತುಂಬ ಮರ್ಯಾದೆಯಿಂದ "ಹೇಳಿ" ಎನ್ನಲು ಹೋಗಿ "ಹೇಲಿ" ಎನ್ನುತ್ತಿದ್ದರು. ಒಮ್ಮೆ ನಿವೃತ್ತ ಹೆಡ್‌ಮಾಸ್ಟರೊಬ್ಬರು ಬಂದರು. ಕಚ್ಚೆಪಂಚೆ, ಮೈಸೂರು ಪೇಟ, ಕೈಯಲ್ಲಿ ಛತ್ರಿ. ಹೊಟ್ಟೆಯ ತೊಂದರೆಯನ್ನು ನನ್ನ ಮುಂದೆ ಹೇಳಲು ಸಂಕೋಚಪಡುತ್ತಿದ್ದರು. ಡಾಕ್ಟರು ಅವರ ಮೊಣಕಾಲು ತಟ್ಟಿ, "ನಾಚಿಕೆ ಬೇಡ. ನನ್ನ ಮುಂದೆ ಎಲ್ಲ ಹೇಲಿ" ಎಂದರು. ಮೇಷ್ಟ್ರು ದಂಗಾಗಿ ನನ್ನನ್ನೂ ಡಾಕ್ಟರನ್ನೂ ನೋಡಿ, "ಸ್ವಾಮಿ, ಅದು ಆಗದೇ ಇರೋದಕ್ಕೇ ಅಲ್ವೇ ನಾನು ಬಂದಿರೋದು!" ಎಂದರು. ನಾನು ಟ್ರೇ ಹಿಡಿದು ಹೊರಗೆ ಓಡಿದೆ. ಆ ಸಂಜೆಯಿಂದ ದಿನಾ ಕಾಫಿಯ ಜೊತೆಗೆ ಅವರಿಗೆ ಳಕಾರ ಕಲಿಸಿದೆ. ಪೂರ್ತಿ ಬರಲಿಲ್ಲ, ಇಲ್ಲಿ ನಾನು ತಿದ್ದಿ ಬರೆಯುತ್ತಿದ್ದೇನೆ.

ಕೆಲಸದ ವಿಷಯಕ್ಕೆ ಬರುತ್ತೇನೆ. ನೀವು ಈಗ ಸಿರಿಂಜನ್ನು ಪೊಟ್ಟಣ ಹರಿದು ತೆಗೆದು, ಒಂದು ಸಲ ಚುಚ್ಚಿ ಬಿಸಾಡುತ್ತೀರಿ. ನಮ್ಮದು ಗಾಜಿನ ಸಿರಿಂಜು. ಕುದಿಸಬೇಕು, ಸೂಜಿಯನ್ನು ಸಾಣೆಕಲ್ಲಿಗೆ ಮಸೆಯಬೇಕು, ಹರಿದ ಕೈಗವಸಿಗೆ ಸೈಕಲ್ ಟ್ಯೂಬಿಗೆ ಹಾಕುವ ಹಾಗೆ ತೇಪೆ ಹಾಕಿ ಪೌಡರು ಸವರಿ ಒಣಗಿಸಬೇಕು. ಅದೇ ಚೆನ್ನಾಗಿತ್ತು ಅಂತ ನಾನು ಹೇಳುವುದಿಲ್ಲ. ಮೊಂಡು ಸೂಜಿ ಚುಚ್ಚಿಸಿಕೊಂಡವರನ್ನು ಕೇಳಿ, ಯಾವ ಕಾಲ ಒಳ್ಳೆಯದೆಂದು ಅವರೇ ಹೇಳುತ್ತಾರೆ.

ವೈಸ್ ಡಾಕ್ಟರು ಕೈಯ ಗಾಯಕ್ಕೆ ಹೆಸರುವಾಸಿ. ಮೇಟಗಳ್ಳಿಯಲ್ಲಿ ಕಾರ್ಖಾನೆಗಳು ಎದ್ದ ಮೇಲೆ ಯಂತ್ರಕ್ಕೆ ಕೈ ಕೊಟ್ಟವರು ನಮ್ಮಲ್ಲಿಗೆ ಬರುತ್ತಿದ್ದರು. ಅವರ ಪದ್ಧತಿ ಬೇರೆ. ಕೊಳೆ, ಗ್ರೀಸು ಸೇರಿದ ಗಾಯವನ್ನು ಅವರು ಬಂದ ದಿನವೇ ಹೊಲಿಯುತ್ತಿರಲಿಲ್ಲ. ತೊಳೆದು, ಸತ್ತ ಮಾಂಸ ತೆಗೆದು, ಬಟ್ಟೆ ತುಂಬಿ ತೆರೆದೇ ಬಿಡುವರು. ನಾಲ್ಕೈದು ದಿನ ನೋಡಿ, ಕೀವು ಇಲ್ಲವೆಂದು ಗೊತ್ತಾದ ಮೇಲೆ ಹೊಲಿಗೆ. ಬರ್ಮಾ ಗಡಿಯ ಕೆಸರಿನಲ್ಲಿ ಕಲಿತ ಪಾಠ ಅದು. ಅವಸರಪಟ್ಟು ಹೊಲಿದ ಗಾಯ ಒಳಗೇ ಕೊಳೆತು ಎಷ್ಟೋ ಸಿಪಾಯಿಗಳ ಕೈಕಾಲು ಹೋಗಿತ್ತಂತೆ. ಇದು ಜನಕ್ಕೆ ಎಲ್ಲಿ ಅರ್ಥವಾಗಬೇಕು? ಕಾರ್ಮಿಕರೊಬ್ಬರ ಹೆಂಡತಿ ವರಾಂಡದಲ್ಲೇ ಕೂಗಾಡಿದಳು: "ಗಾಯ ಬಾಯ್ಬುಟ್ಕಂಡ್ ಕೂತದೆ, ಹೊಲ್ಗೆ ಹಾಕ್ದೆ ಬುಟ್ಬುಟ್ರಲ್ಲ, ಇವ್ರೆಂಥಾ ಡಾಕ್ಟ್ರು ಕಣ್ರೀ!" ಗಂಡನನ್ನು ಆಟೋದಲ್ಲಿ ಹಾಕಿಕೊಂಡು ಹೋಗಿ ಬೇರೆಲ್ಲೋ ಅಚ್ಚುಕಟ್ಟಾಗಿ ಹೊಲಿಸಿದಳು. ಮೂರು ದಿನಕ್ಕೆ ಕೈ ಬೂದುಗುಂಬಳದ ಹಾಗೆ ಊದಿಕೊಂಡು ವಾಪಸು ಬಂದರು. ನಾನಾಗಿದ್ದರೆ ನಾಲ್ಕು ಮಾತು ಅಂದೇಬಿಡುತ್ತಿದ್ದೆ. ಡಾಕ್ಟರು, "ಬನ್ನಿ ಬನ್ನಿ, ನಿಮ್ಮನ್ನೇ ಕಾಯುತ್ತಿದ್ದೆ" ಎಂದರು. ಒಂದು ಬೆರಳು ಹೋಯಿತು, ಕೈ ಉಳಿಯಿತು. ಆ ಹೆಂಗಸು ಆಮೇಲೆ ಪ್ರತಿ ಸಂಕ್ರಾಂತಿಗೆ ಎಳ್ಳು ಬೀರಲು ಬರುತ್ತಿದ್ದಳು.

ಒಂದು ಮಧ್ಯಾಹ್ನ ಥಿಯೇಟರಿನಲ್ಲಿ ಎಲ್ಲ ಸಿದ್ಧಮಾಡಿಕೊಂಡ ಮೇಲೆ ಕರೆಂಟು ಹೋಯಿತು. ಹೊರಗಿನ ಬೆಂಚಿನ ಮೇಲೆ ಇಬ್ಬರೂ ಕಾಯುತ್ತಾ ಕೂತೆವು. ಸೇರಿ ನಾಲ್ಕೈದು ವರ್ಷವಾಗಿತ್ತು, ಸಲಿಗೆ ಬಂದಿತ್ತು. ನಾನು ಕೇಳಿಯೇಬಿಟ್ಟೆ.

"ಡಾಕ್ಟ್ರೇ, ನನ್ನನ್ನ ನೀನು ಅನ್ನಿ. ನೀವು ಅಂದ್ರೆ ನೆಂಟರ ಮನೇಲಿ ಇದ್ದಂಗಾಗುತ್ತೆ. ನಿಮ್ಗೆ ಮಗಳಾಗೋ ವಯಸ್ಸು ನಂದು."

ಅವರು ವಿಯೆನ್ನಾದ ಕಥೆ ಹೇಳಿದರು. ಅಲ್ಲಿಯ ಆಸ್ಪತ್ರೆಯಲ್ಲಿ ಅವರು ಕಿರಿಯ ಸರ್ಜನ್ ಆಗಿದ್ದರು. ಗೇಟಿನ ಕಾವಲುಗಾರ ದಿನಾ ಟೋಪಿ ತೆಗೆದು ನಮಸ್ಕರಿಸುತ್ತಿದ್ದ. ಅವನ ಕೂಸಿಗೆ ಕಾಯಿಲೆಯಾದಾಗ ಇವರೇ ಮನೆಗೆ ಹೋಗಿ ಔಷಧಿ ಕೊಟ್ಟು ಬಂದಿದ್ದರು. ಹಿಟ್ಲರನವರು ಊರು ಹಿಡಿದ ಮೇಲೆ ಒಂದು ಬೆಳಗ್ಗೆ ಆ ಕಾವಲುಗಾರ ಟೋಪಿ ತೆಗೆಯಲಿಲ್ಲ.

"ನಮ್ಮ ಭಾಷೆಯಲ್ಲೂ ನೀನು, ನೀವು ಎರಡೂ ಇವೆ ಸಿಸ್ಟರ್. ಅವನು ಹೇಳಿದ: 'ನೀನು ಒಳಗೆ ಬರುವ ಹಾಗಿಲ್ಲ. ನೀನು ಇನ್ನು ಡಾಕ್ಟರಲ್ಲ.' ಮೇಲೆ ಕಿಟಕಿಯಲ್ಲಿ ನನ್ನ ಪ್ರೊಫೆಸರ್ ನಿಂತಿದ್ದರು. ನನ್ನನ್ನು ನೋಡಿದರು. ಪರದೆ ಎಳೆದುಕೊಂಡರು."

ಯೆಹೂದಿಗಳಿಗೆಲ್ಲ ಆಗ ಏಕವಚನ ಬಂದುಬಿಟ್ಟಿತಂತೆ. ಮುದುಕರನ್ನು, ಪಂಡಿತರನ್ನು, ದೊಡ್ಡ ಡಾಕ್ಟರುಗಳನ್ನು ಬೀದಿಯ ಪಡ್ಡೆ ಹುಡುಗರು ನೀನು ಎಂದು ಕರೆದು ಮೊಣಕಾಲೂರಿಸಿ ರಸ್ತೆ ಉಜ್ಜಿಸಿದರು. ತಮ್ಮ ಬಾಯಿಂದ ಇನ್ನು ಯಾರಿಗೂ ಆ ಮಾತು ಬರಬಾರದೆಂದು ಇವರು ನಿರ್ಧರಿಸಿಕೊಂಡಿದ್ದರು.

ಕೇಳಿಕೊಂಡು ಸುಮ್ಮನಿರುವವಳಲ್ಲ ನಾನು. "ಇಲ್ಲಿ ಅದು ಬೈಗುಳ ಅಲ್ಲ ಡಾಕ್ಟ್ರೇ. ಅವ್ವನ್ನ ನೀನು ಅಂತೀವಿ. ನಂಜುಂಡಪ್ಪನ್ನೂ ನೀನು ಅಂತೀವಿ. ದೇವ್ರನ್ನ ಹೋಗಿ ನೀವು ಅಂದ್ರೆ ದೇವ್ರಿಗೇ ಗಾಬರಿಯಾಗುತ್ತೆ, ಇವ್ಳಿಗೇನಾಯ್ತು ಅಂತ."

ಅವರು ನಕ್ಕರು. "ಒಳ್ಳೆಯ ಭಾಷೆ. ಆದರೆ ನನ್ನ ನಾಲಗೆ ಹಳೆಯದು ಸಿಸ್ಟರ್" ಎಂದರು. ಅಷ್ಟರಲ್ಲಿ ಕರೆಂಟು ಬಂತು.

ಉಳಿದ ಕಥೆ ಆಮೇಲಾಮೇಲೆ ಬಿಡಿಬಿಡಿಯಾಗಿ ಬಂತು, ಅರ್ಧ ಅವರಿಂದ, ಅರ್ಧ ಚನ್ನೇಗೌಡರಿಂದ. ಯಾವ ದೇಶವೂ ಒಳಗೆ ಬಿಟ್ಟುಕೊಳ್ಳದ ಕಾಲ. ಹೇಗೋ ಇಂಡಿಯಾಕ್ಕೆ ಬರಲು ಅಪ್ಪಣೆ ಸಿಕ್ಕಿತು. ಅಮ್ಮ ಒಬ್ಬರೇ ಉಳಿದರು. ಮಗ ಮೊದಲು ಹೋಗಿ ನೆಲೆಯಾಗಿ ಆಮೇಲೆ ಕರೆಸಿಕೊಳ್ಳುವುದೆಂದು ಮಾತು. ರೈಲು ಹೊರಡುವಾಗ ಅಮ್ಮ ಕಿಟಕಿಯ ಹತ್ತಿರ ಬಂದು ಕೇಳಿದ್ದು, ಉಣ್ಣೆ ಬನಿಯನ್ ಇಟ್ಟುಕೊಂಡೆಯಾ ಎಂದು. "ಬೊಂಬಾಯಿಗೆ ಹೋಗುವವನಿಗೆ ಉಣ್ಣೆ ಬನಿಯನ್! ಕೊನೆಯ ಮಾತು ಅಮ್ಮನ ಜೊತೆ ಜಗಳ" ಎಂದು ನಗುತ್ತಿದ್ದರು, ಕಣ್ಣು ಮಾತ್ರ ನಗುತ್ತಿರಲಿಲ್ಲ. ಇಟಲಿಯಿಂದ ಹಡಗು ಹತ್ತಿ ಬೊಂಬಾಯಿಗೆ ಬಂದು, ಒಂದು ಮಿಷನ್ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿ, ಅಮ್ಮನಿಗೆ ಕಾಗದಪತ್ರ ಓಡಾಡಿಸುತ್ತಿದ್ದಾಗಲೇ ಯುದ್ಧ ಶುರುವಾಯಿತು.

ಹಿಟ್ಲರ್ ಇವರ ದೇಶವನ್ನು ಜರ್ಮನಿಗೆ ಸೇರಿಸಿಕೊಂಡಿದ್ದರಿಂದ ಇವರದು ಜರ್ಮನರ ಪಾಸ್‌ಪೋರ್ಟು. ಬ್ರಿಟಿಷರು ಶತ್ರು ದೇಶದವನೆಂದು ಹಿಡಿದು ತಂತಿಬೇಲಿಯ ಕ್ಯಾಂಪಿಗೆ ಹಾಕಿದರು. ಹಿಟ್ಲರನಿಗೆ ಹೆದರಿ ಓಡಿಬಂದವರನ್ನು ಹಿಟ್ಲರನ ಕಡೆಯವರೆಂದು ಹಿಡಿದದ್ದು! ಹುಲಿಯ ಬಾಯಿಂದ ತಪ್ಪಿಸಿಕೊಂಡು ಬಂದ ದನವನ್ನು ಊರವರು ದೊಡ್ಡಿಗೆ ಕೂಡಿದ ಹಾಗಾಯಿತು. ಗೇಟಿನಲ್ಲಿ ಸ್ಟೆತಾಸ್ಕೋಪು ಕಸಿದುಕೊಂಡರು. ಅದು ಎರಡನೆಯ ಸಲ. ಪಕ್ಕದ ಕೊಟ್ಟಿಗೆಯಲ್ಲಿ ಹಿಟ್ಲರನ ಹುಟ್ಟುಹಬ್ಬ ಮಾಡುವ ಜರ್ಮನರು, ಇತ್ತ ಇವರು. ಕೊನೆಗೆ ಬಿಡುಗಡೆಯಾಯಿತು. ಬರ್ಮಾ ಕಡೆ ಯುದ್ಧ ಜೋರಾಗಿ ಡಾಕ್ಟರುಗಳು ಸಾಲದೆ ಬಂದಾಗ ಅದೇ ಬ್ರಿಟಿಷರು ಇವರನ್ನು ಕರೆದು ಕ್ಯಾಪ್ಟನ್ ಮಾಡಿದರು. "ನಿನ್ನೆ ಬಂದೂಕು ತೋರಿಸಿದವರು ಇವತ್ತು ಸಲಾಮು ಹೊಡೆದರು. ಯಾವುದು ನಿಜ ಎಂದು ನಾನು ಕೇಳಲಿಲ್ಲ, ಕೆಲಸ ಸಿಕ್ಕಿತ್ತು" ಎನ್ನುತ್ತಿದ್ದರು. ಗಡಿಯ ಗುಡ್ಡಗಳಲ್ಲಿ ಬಿದಿರಿನ ಮೇಜಿನ ಮೇಲೆ ಆಪರೇಷನ್ ಮಾಡಿದರು. ಅಲ್ಲಿಯ ಚಳಿಯಲ್ಲಿ ಅಮ್ಮನ ಉಣ್ಣೆ ಬನಿಯನ್ನೇ ಕಾಪಾಡಿತಂತೆ.

ಯುದ್ಧ ಮುಗಿದ ದಿನದ ಮಾತು ಚನ್ನೇಗೌಡರದು. "ಎಲ್ರಿಗೂ ಅವರವರ ಊರ್ಗೆ ರೈಲಿನ ಪಾಸು ಕೊಡ್ತಿದ್ರು. ನಿಮ್ಮೂರ್ ಯಾವ್ದು ಅಂದ್ರೆ ಸಾಹೇಬ್ರು ಸುಮ್ಕೆ ನಿಂತ್ಬುಟ್ರು ಕಣವ್ವ. ಹಿಂದೆ ಇದ್ದೋರೆಲ್ಲ ಬೇಗ ಬೇಗ ಅಂತವ್ರೆ. ನನಗೆ ತಡೀನಿಲ್ಲ. ನಮ್ಮೂರ್ಗೇ ಬಂದ್ಬುಡಿ ಸಾ, ಮೈಸೂರು ಅಂತ ಬರ್ಸಿ ಅಂದ್ಬುಟ್ಟೆ." ಹಾಗೆ ಬಂದರು. ಅಮ್ಮನನ್ನು ರೈಲಿನಲ್ಲಿ ತುಂಬಿಕೊಂಡು ಪೂರ್ವದ ಕಡೆ ಒಯ್ದರು ಎನ್ನುವಷ್ಟು ಸುದ್ದಿ ಮಾತ್ರ ಸಿಕ್ಕಿತು. ಯಾವ ದಿನ ಹೋದರು ಎಂಬುದೂ ತಿಳಿಯಲಿಲ್ಲ. ದೀಪ ಹಚ್ಚಲು ಅವರ ಪದ್ಧತಿಯಲ್ಲಿ ತೀರಿಕೊಂಡ ದಿನ ಗೊತ್ತಿರಬೇಕು. ಆಗ ಚನ್ನೇಗೌಡರೇ, "ತಿಥಿ ಗೊತ್ತಿಲ್ದೋರ್ಗೆ ಅಂತ್ಲೇ ಮಾಲಯ ಅಮಾಸೆ ಐತಲ್ಲ ಸಾ, ಅವತ್ತು ಎಲ್ಲ ಹಿರೀಕ್ರೂ ಬತ್ತಾರೆ" ಎಂದರಂತೆ. ಅಂದಿನಿಂದ ಪ್ರತಿ ವರ್ಷ ಆ ಅಮಾವಾಸ್ಯೆಯ ದಿನ ವೈಸ್ ಡಾಕ್ಟರ ಮೇಲಿನ ಮನೆಯಲ್ಲಿ ಒಂದು ಮೇಣದ ಬತ್ತಿ ಉರಿಯುತ್ತಿತ್ತು. ಕೆಳಗೆ ಚನ್ನೇಗೌಡರು ಎಡೆ ಇಡುವಾಗ ಒಂದು ಎಲೆ ಹೆಚ್ಚಿಗೆ ಹಾಕುತ್ತಿದ್ದರು.

ವರ್ಷಗಳು ಹೋದವು. ನನಗೆ ಮದುವೆಯಾಯಿತು, ಮಕ್ಕಳಾದವು, ಕೆಲಸ ಬಿಡಲಿಲ್ಲ. ಡಾಕ್ಟರ ಜೊತೆಗೆ ಇನ್ನೊಬ್ಬ ಸರ್ಜನ್ ಸೇರಿದರು, ಶಿವಬಸಪ್ಪನವರು. ಮಠದ ಹಾಸ್ಟೆಲಿನಲ್ಲಿದ್ದು ಓದಿ ಬಂದವರು. ವಿಭೂತಿ, ಇಸ್ತ್ರಿ ಮಾಡಿದ ಅಂಗಿ, ಮಾತು ಕಡಿಮೆ, ಕೈ ಚುರುಕು. ವೈಸ್ ಡಾಕ್ಟರ ಮೇಲೆ ಅವರಿಗೂ ಭಕ್ತಿ. ನಾವು ಅವರನ್ನು ಚಿಕ್ಕ ಡಾಕ್ಟರು, ವೈಸ್ ಅವರನ್ನು ದೊಡ್ಡ ಡಾಕ್ಟರು ಎನ್ನುತ್ತಿದ್ದೆವು.

ದೊಡ್ಡವರ ಕೈ ನಡುಗಲು ಶುರುವಾದದ್ದು ನನಗೆ ಮೊದಲು ಗೊತ್ತಾದದ್ದು ಥಿಯೇಟರಿನಲ್ಲಲ್ಲ, ಕಾಫಿಯಲ್ಲಿ. "ಅರ್ಧ ಲೋಟ ಸಾಕು ಸಿಸ್ಟರ್" ಎನ್ನತೊಡಗಿದರು. ತುಂಬಿದ ಲೋಟ ತುಳುಕುತ್ತಿತ್ತು. ಆಮೇಲೆ ಹೊಲಿಗೆ ಹಾಕುವಾಗ ನನ್ನ ಕೈಯನ್ನು ಅವರ ಮಣಿಕಟ್ಟಿಗೆ ಆಸರೆಯಾಗಿ ಇಡಲು ಶುರುಮಾಡಿದೆ. ಅವರು ಬೇಡವೆನ್ನಲಿಲ್ಲ. ಕಷ್ಟದ ಕೇಸು ಬಂದರೆ ನಾನೂ ಚಿಕ್ಕ ಡಾಕ್ಟರೂ ಕಣ್ಣಲ್ಲೇ ಮಾತಾಡಿಕೊಂಡು, "ಹೊರಗೆ ತುಂಬ ಜನ ಕಾಯ್ತಾ ಇದ್ದಾರೆ, ನೀವು ನೋಡಿಬಿಡಿ ಡಾಕ್ಟ್ರೇ" ಎಂದು ಕಳಿಸುತ್ತಿದ್ದೆವು. ಅವರೇನು ದಡ್ಡರೇ? ಹೋಗುತ್ತಿದ್ದರು.

ಒಂದು ದಿನ ಮೊಹಲ್ಲಾದಲ್ಲಿ ಹೂ ಕಟ್ಟಿ ಮಾರುವ ಹೆಂಗಸೊಬ್ಬಳು ಬಂದಳು. ಈಳಿಗೆಮಣೆ ಜಾರಿ ತೋರುಬೆರಳನ್ನು ಮಡಚುವ ನರ ಕತ್ತರಿಸಿತ್ತು. ಬೆರಳು ಮಡಚದಿದ್ದರೆ ಮಲ್ಲಿಗೆ ಕಟ್ಟುವುದು ಹೇಗೆ? ಇಂಥ ಕೆಲಸದಲ್ಲಿ ವೈಸ್ ಡಾಕ್ಟರನ್ನು ಮೀರಿಸುವವರಿರಲಿಲ್ಲ; ತಾವೇ ಮಾಡುತ್ತೇನೆಂದು ಕೂತರು. ತಲೆಕೂದಲಿನಷ್ಟು ಸಣ್ಣ ದಾರ. ಸೂಜಿ ಒಂದು ಕಡೆ ಹೋಗಬೇಕು, ಇನ್ನೊಂದು ಕಡೆ ಹೋಯಿತು. ಮತ್ತೆ ಪ್ರಯತ್ನಿಸಿದರು, ಮತ್ತೆ ತಪ್ಪಿತು. ಪಕ್ಕದ ರಕ್ತನಾಳಕ್ಕೆ ತಗುಲುವುದರಲ್ಲಿತ್ತು, ಶಿವಬಸಪ್ಪನವರು "ನಾನು ಹಿಡೀತೀನಿ ಸರ್" ಎಂದು ಮೆಲ್ಲಗೆ ಸೂಜಿ ತೆಗೆದುಕೊಂಡು ಮುಗಿಸಿದರು. ಬೆರಳು ಉಳಿಯಿತು. ದೊಡ್ಡ ಡಾಕ್ಟರು ಕೈಗವಸು ತೆಗೆದು, ಯಾರ ಮುಖವನ್ನೂ ನೋಡದೆ ಮೇಲೆ ಹೋದರು.

ಮಾರನೆಯ ದಿನ ಚಿಕ್ಕ ಡಾಕ್ಟರು ನನ್ನನ್ನು ಕರೆದರು. "ಸಿಸ್ಟರ್, ಇನ್ನು ಹೀಗೆ ನಡೆಸೋಕಾಗಲ್ಲ. ಮುಂದಿನ ವಾರ ಅವರು ರಜಕ್ಕೆ ಅಂತ ಊಟಿಗೆ ಹೋಗ್ತಾರಲ್ಲ, ಆವಾಗ ಥಿಯೇಟರ್ ರಿಪೇರಿ ಅಂತ ಬೀಗ ಹಾಕ್ಸಿಬಿಡೋಣ. ಹಳೇ ಸಾಮಾನೆಲ್ಲ ತೆಗೆಸಿಬಿಡೋಣ. ವಾಪಸ್ ಬಂದ ಮೇಲೆ ಅವರಿಗೇ ಅರ್ಥವಾಗುತ್ತೆ. ಮುಖಕ್ಕೆ ಮುಖ ಕೊಟ್ಟು ಹೇಳೋ ಧೈರ್ಯ ನನಗಂತೂ ಇಲ್ಲಮ್ಮ."

ಅವರದು ಕೆಟ್ಟ ಮನಸ್ಸಲ್ಲ, ನೋಯಿಸಬಾರದೆಂಬ ಮನಸ್ಸೇ. ಆದರೆ ನನ್ನ ಕಣ್ಣ ಮುಂದೆ ಬಂದದ್ದೇ ಬೇರೆ. ಊರಿಂದ ಬಂದ ಮನುಷ್ಯ ಬಾಗಿಲ ಮುಂದೆ ನಿಂತು ಬೀಗ ನೋಡುವುದು, ನಾವಿಬ್ಬರೂ ಒಳಗೆಲ್ಲೋ ಅಡಗಿಕೊಂಡಿರುವುದು! ಆ ಪರದೆ ಎಳೆದ ಪ್ರೊಫೆಸರಿಗೂ ನಮಗೂ ಏನು ವ್ಯತ್ಯಾಸ? "ಬೀಗದ ಮಾತು ಬೇಡ ಸರ್. ನಾನು ಹೇಳ್ತೀನಿ" ಎಂದೆ. ಹೇಳುತ್ತೇನೆಂದದ್ದೇನೋ ಆಯಿತು, ಹೇಳುವುದು ಹೇಗೆಂದು ಮಾತ್ರ ಗೊತ್ತಿರಲಿಲ್ಲ.

ಮಧ್ಯಾಹ್ನ ಅರ್ಧ ಲೋಟ ಕಾಫಿ ಹಿಡಿದು ಅವರ ಕೋಣೆಗೆ ಹೋದೆ. ಎಷ್ಟೋ ನಯವಾದ ಮಾತುಗಳನ್ನು ಜೋಡಿಸಿಕೊಂಡು ಹೋಗಿದ್ದೆ. ಅವರು ಎಂದಿನಂತೆ ಎದ್ದು ನಿಂತರಲ್ಲ, ಎಲ್ಲ ಮರೆತುಹೋಯಿತು.

"ಡಾಕ್ಟ್ರೇ, ನಿಮ್ ಕೈ ನಡುಗ್ತಾ ಇದೆ. ಇನ್ಮೇಲೆ ಆಪರೇಷನ್ ಮಾಡಬೇಡಿ."

ಅವರು ನಿಂತೇ ಇದ್ದರು. "ಯಾರು ಹೇಳಿ ಕಳಿಸಿದರು ಸಿಸ್ಟರ್? ಡಾಕ್ಟರ್ ಶಿವಬಸಪ್ಪನವರೇ?"

"ಇಲ್ಲ. ಅವರು ಕಳಿಸಲಿಲ್ಲ, ನಾನಾಗೇ ಬಂದೆ. ನಿನ್ನೆ ಆ ಹೂವಿನವಳ ಬೆರಳು ಹೋಗ್ಬಿಡ್ತಿತ್ತು. ಹೋಗಿದ್ರೆ ನೀವು ಬದುಕಿರೋ ತನಕ ನಿದ್ದೆ ಮಾಡ್ತಿರಲಿಲ್ಲ. ಅದನ್ನ ನೋಡೋ ಶಕ್ತಿ ನನಗಿಲ್ಲ."

ಇಷ್ಟು ಹೇಳುವಷ್ಟರಲ್ಲಿ ನನಗೆ ಅಳು ಬಂದುಬಿಟ್ಟಿತು. ಒಬ್ಬ ನರ್ಸಿಗೆ ಅದು ಶೋಭೆಯಲ್ಲವೆಂದು ನಾನೇ ನೂರಾರು ಹುಡುಗಿಯರಿಗೆ ಪಾಠ ಹೇಳಿದ್ದೇನೆ. ಆವತ್ತು ಮಾತ್ರ ನಿಲ್ಲಲಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದಾಗ ಕೇಳಿತು.

"ಅಳಬೇಡ ರತ್ನ. ಕೂತ್ಕೋ."

ತಲೆ ಎತ್ತಿ ನೋಡಿದೆ. ಅವರು ತಮ್ಮ ಕುರ್ಚಿಯನ್ನೇ ನನ್ನ ಕಡೆಗೆ ಎಳೆದಿದ್ದರು. ಅಷ್ಟು ವರ್ಷದಲ್ಲಿ ಯಾರಿಗೂ ಸಿಗದ ಏಕವಚನ ನನಗೆ ಸಿಕ್ಕಿತು. ಸಿಕ್ಕ ಗಳಿಗೆ ಎಂಥದು ನೋಡಿ. ಕೂತೆ. ಅವರು ರೋಗಿಯ ಸ್ಟೂಲಿನ ಮೇಲೆ ಕೂತರು.

"ವಿಯೆನ್ನಾದಲ್ಲಿ ಯಾರೂ ಬಂದು ಹೇಳಲಿಲ್ಲ" ಎಂದರು. "ನೀನು ಬಂದೆ. ಕಾಫಿ ತಂದೆ." ಸ್ವಲ್ಪ ಹೊತ್ತು ಎರಡೂ ಕೈಗಳನ್ನು ಮೇಜಿನ ಮೇಲಿಟ್ಟು ಬೇರೆ ಯಾರದೋ ಎನ್ನುವ ಹಾಗೆ ನೋಡಿದರು. ಆಮೇಲೆ ಮಗುವಿನ ಹಾಗೆ ಕೇಳಿದರು, "ಸರಿ. ಮಾಡುವುದಿಲ್ಲ. ಹಾಗಾದರೆ ರತ್ನ, ನಾನೀಗ ಏನು?"

ಆರಿಹೋದ ಕಾಫಿಯ ಲೋಟ ತೆಗೆದುಕೊಂಡು, "ಬಿಸಿ ಮಾಡಿ ತರ್ತೀನಿ" ಎಂದು ಹೊರಗೆ ಬಂದೆ.

ಅವರು ಊಟಿಗೆ ಹೋಗಲಿಲ್ಲ. ಕೆಳಗೂ ಇಳಿಯಲಿಲ್ಲ. ರೋಗಿಗಳು ಕೇಳಿದರೆ ಮೈಗೆ ಹುಷಾರಿಲ್ಲ ಎನ್ನುತ್ತಿದ್ದೆವು. ಚನ್ನೇಗೌಡರು ತಟ್ಟೆ ತೆಗೆದುಕೊಂಡು ಹೋಗಿ ಹಾಗೇ ವಾಪಸು ತರುತ್ತಿದ್ದರು. "ಎರಡ್ ತುತ್ತು ತಿಂದು ಸಾಕು ಅಂತಾರೆ ಕಣವ್ವ. ಕಿಟಕೀಲಿ ಕೂತ್ಕಂಡು ಕಲಾಯಿ ಅಂಗ್ಡಿ ನೋಡ್ತಾ ಅವ್ರೆ. ಅದ್ರಲ್ಲಿ ನೋಡದೇನೈತೆ? ಬರ್ಮಾದಲ್ಲಿ ಬಾಂಬ್ ಬಿದ್ದಾಗ್ಲೂ ನಾನಿಂಗೆ ಎದ್ರಿರ್ನಿಲ್ಲ." ನಾನು ಸರಿಯಾದದ್ದನ್ನೇ ಮಾಡಿದೆ ಎಂದು ಬುದ್ಧಿ ಹೇಳುತ್ತಿತ್ತು. ಮನಸ್ಸು ಕೇಳಬೇಕಲ್ಲ. ಒಬ್ಬ ಮನುಷ್ಯನ ಪ್ರಾಣವನ್ನು ನಯವಾಗಿ ತೆಗೆದೆನೇನೋ ಎಂದು ಹಗಲೆಲ್ಲ ಕೊರೆಯುತ್ತಿತ್ತು.

ಹೀಗಿರುವಾಗ ಮೇಟಗಳ್ಳಿಯಿಂದ ಒಬ್ಬ ಯುವಕನನ್ನು ಕರೆತಂದರು. ಕೆಲಸಕ್ಕೆ ಸೇರಿ ಹೆಚ್ಚು ದಿನವಾಗಿರಲಿಲ್ಲ, ಪ್ರೆಸ್ ಯಂತ್ರಕ್ಕೆ ಬಲಗೈ ಸಿಕ್ಕಿತ್ತು. ಆಗಷ್ಟೇ ಉಪ್ಪಿಟ್ಟು ತಿಂದಿದ್ದನಾದ್ದರಿಂದ ಪೂರ್ತಿ ಪ್ರಜ್ಞೆ ತಪ್ಪಿಸುವಂತಿರಲಿಲ್ಲ. ಶಿವಬಸಪ್ಪನವರು ಕಂಕುಳಿನ ಹತ್ತಿರ ಸೂಜಿ ಚುಚ್ಚಿ ಆ ಕೈಯನ್ನಷ್ಟೇ ಮರಗಟ್ಟಿಸಿದರು. ನೋವು ಹೋಯಿತು, ಭಯ ಹೋಗಲಿಲ್ಲ. ಮೈಯೆಲ್ಲ ನಡುಗುತ್ತಿತ್ತು, ಮೇಜೇ ಅಲುಗುತ್ತಿತ್ತು. "ನನ್ ಕೈ ತೆಗೆದ್ಬುಡ್ತೀರಾ? ನಿಜ ಹೇಳಿ, ತೆಗೆದ್ಬುಡ್ತೀರಾ?" ಎಂದು ಎದ್ದೆದ್ದು ಕೂರುತ್ತಿದ್ದ. ಚಿಕ್ಕ ಡಾಕ್ಟರು ಎರಡು ಸಲ ಕೈ ಹಾಕಿ ಎರಡು ಸಲ ಹಿಂತೆಗೆದರು. ನಾನು ಗದರಿದೆ, ರಮಿಸಿದೆ, ನಡೆಯಲಿಲ್ಲ.

ಅಷ್ಟರಲ್ಲಿ ಥಿಯೇಟರಿನ ಬಾಗಿಲಲ್ಲಿ ನೆರಳು ಕಂಡಿತು. ವೈಸ್ ಡಾಕ್ಟರು. ಟೋಪಿ, ಮಾಸ್ಕು, ಗೌನು ಎಲ್ಲ ಹಾಕಿಕೊಂಡು, ತೊಳೆದ ಕೈಗಳನ್ನು ಎದೆಯ ಮುಂದೆ ಎತ್ತಿ ಹಿಡಿದು ನಿಂತಿದ್ದರು. ಕೂಗಾಟ ಮೇಲಿನವರೆಗೆ ಕೇಳಿಸಿರಬೇಕು. ಹೊಸ್ತಿಲು ದಾಟಿರಲಿಲ್ಲ. ತಾವೇ ಇಟ್ಟಿಗೆ ಇಟ್ಟಿಗೆ ಸೇರಿಸಿ ಕಟ್ಟಿಸಿದ ಕೋಣೆಯ ಹೊರಗೆ ನಿಂತು ಅಪ್ಪಣೆ ಕೇಳಿದರು.

"ನಾನು ಒಳಗೆ ಬರಬಹುದೇ?"

ಶಿವಬಸಪ್ಪನವರು ನನ್ನನ್ನು ನೋಡಿದರು. ನಾನು ಹೋಗಿ ಬಾಗಿಲನ್ನು ಪೂರ್ತಿ ತೆರೆದು ಹಿಡಿದೆ. "ಬನ್ನಿ ಡಾಕ್ಟ್ರೇ" ಎಂದೆ.

ಅವರು ಸಾಮಾನಿನ ಮೇಜಿನ ಕಡೆ ನೋಡಲೂ ಇಲ್ಲ. ಸ್ಟೂಲು ಎಳೆದುಕೊಂಡು ಆ ಯುವಕನ ತಲೆಯ ಹತ್ತಿರ ಕೂತು, ಅವನ ಎಡಗೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು.

"ನೋಡಿ, ನನ್ನ ಕೈಯೂ ನಡುಗುತ್ತದೆ" ಎಂದರು. "ನಾವಿಬ್ಬರೂ ಸೇರಿ ಈ ಕಡೆ ನಡುಗೋಣ. ಆ ಕಡೆಯ ಕೈಯನ್ನು ಅವರು ನೋಡಿಕೊಳ್ಳುತ್ತಾರೆ. ಅವರ ಕೈ ತುಂಬ ಒಳ್ಳೆಯದು, ನನಗೆ ಗೊತ್ತು. ಈಗ ಹೇಳಿ, ನಿಮ್ಮ ಊರು ಯಾವುದು?"

ಅವನು ಊರು ಹೇಳಿದ. ಮನೆಯಲ್ಲಿ ಯಾರ್ಯಾರಿದ್ದಾರೆ ಎಂದು ಕೇಳಿದರು, ಹೇಳಿದ. ಅವ್ವ ಏನು ಅಡುಗೆ ಮಾಡುತ್ತಾಳೆ ಎಂದು ಕೇಳಿದರು. ಅವರೆಕಾಳಿನ ಸಾರಿನ ವರ್ಣನೆ ಶುರುವಾಗುವ ಹೊತ್ತಿಗೆ ಮೇಜು ಅಲುಗುವುದು ನಿಂತಿತ್ತು. ಶಿವಬಸಪ್ಪನವರು ಕೆಲಸಕ್ಕೆ ಕೈ ಹಾಕಿದರು. ಗಾಯ ತೊಳೆದು, ಕೆಟ್ಟದ್ದನ್ನು ತೆಗೆದು, ಹೊಲಿಯದೆ ತೆರೆದೇ ಬಿಟ್ಟು ಬಟ್ಟೆ ತುಂಬುವವರೆಗೂ ದೊಡ್ಡವರು ಆ ಕೈ ಬಿಡಲಿಲ್ಲ.

ಮುಗಿಯುತ್ತಾ ಬಂದಾಗ ಆ ಯುವಕ ಕತ್ತು ಹೊರಳಿಸಿ ನನ್ನನ್ನು ಮೆಲ್ಲಗೆ ಕೇಳಿದ, "ಅಕ್ಕ, ಇವ್ರು ಯಾರು?"

ಮಾಸ್ಕಿನ ಮೇಲೆ ವೈಸ್ ಡಾಕ್ಟರ ಕಣ್ಣುಗಳು ನನ್ನ ಕಡೆ ತಿರುಗಿದವು.

"ನಮ್ ಡಾಕ್ಟ್ರು ಕಣಪ್ಪ" ಎಂದೆ.

ಶಿವಬಸಪ್ಪನವರು ಪಟ್ಟಿ ಸುತ್ತುತ್ತಾ, ತಲೆ ಎತ್ತದೆ, "ದೊಡ್ಡ ಡಾಕ್ಟ್ರು" ಎಂದು ನನ್ನನ್ನು ತಿದ್ದಿದರು.